ಕಾಂಬೋಡಿಯಾಕ್ಕೆ ಹೊರಟಿದ್ದೀರಾ? ಗುಡಿ, ಯುದ್ಧ, ವೀಸಾ, ಊಟದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕಾಂಬೋಡಿಯಾಕ್ಕೆ ಎರಡು ಸಲ ಹೋಗಿ ಬಂದಿದ್ದೇನೆ. ಮೊದಲ ಸಲ ಜನವರಿಯಲ್ಲಿ ಅಪ್ಪ-ಅಮ್ಮನ ಜೊತೆ, ಎರಡನೇ ಸಲ ಸೆಪ್ಟೆಂಬರ್ ಕೊನೆಗೆ ಒಬ್ಬಳೇ. ಆಮೇಲಿಂದ ಆ ಕಡೆ ಯಾರೇ ಹೊರಟರೂ ನನಗೊಂದು ಫೋನ್ ಬರುತ್ತದೆ, ಪ್ರಶ್ನೆಗಳೂ ಹೆಚ್ಚುಕಡಿಮೆ ಅವೇ. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿಡುತ್ತಿದ್ದೇನೆ. ದರ, ನಿಯಮಗಳು ಬದಲಾಗುತ್ತಿರುತ್ತವೆ, ಹೊರಡುವ ಮುಂಚೆ ಇನ್ನೊಮ್ಮೆ ನೋಡಿಕೊಳ್ಳಿ.

ಬರೀ ಅಂಕೋರ್ ವಾಟ್ ನೋಡಿಕೊಂಡು ಬಂದರೆ ಸಾಕಲ್ವಾ?

ಸಾಲದು. ತುಂಬಾ ಜನ ಬ್ಯಾಂಕಾಕ್ ಟ್ರಿಪ್‌ಗೆ ಎರಡು ದಿನ ಸೇರಿಸಿ, ಅಂಕೋರ್ ಗುಡಿಗಳ ಪಕ್ಕದ ಊರು ಸಿಯೆಮ್ ರೀಪ್‌ನಲ್ಲಿ ಇಳಿದು, ಸೂರ್ಯೋದಯದ ಫೋಟೋ ತೆಗೆದು ವಾಪಸ್ ಹೋಗುತ್ತಾರೆ. ಗುಡಿಗಳನ್ನು ನೋಡಿದ ಹಾಗಾಯಿತು, ದೇಶ ನೋಡಿದ ಹಾಗಾಗಲಿಲ್ಲ. ಈ ದೇಶದಲ್ಲಿ ಐವತ್ತು ದಾಟಿದ ಯಾರನ್ನು ನೋಡಿದರೂ ಅವರು ಒಂದು ಭಯಂಕರ ಕಾಲ ದಾಟಿ ಬಂದವರು. ಅದನ್ನು ತಿಳಿಯದೆ ಅವರ ಗುಡಿಗಳಲ್ಲಿ ಸುಮ್ನೆ ಓಡಾಡಿ ಬರುವುದು ನನಗೆ ಸರಿ ಕಾಣುವುದಿಲ್ಲ. ಕಡಿಮೆ ಅಂದರೆ ಆರು ದಿನ ಇಟ್ಟುಕೊಳ್ಳಿ: ರಾಜಧಾನಿ ನೋಮ್ ಪೆನ್‌ಗೆ ಎರಡು, ಸಿಯೆಮ್ ರೀಪ್‌ಗೆ ಮೂರು, ಓಡಾಟಕ್ಕೆ ಒಂದು. ಇನ್ನೂ ಎರಡು ದಿನ ಸಿಕ್ಕರೆ ಬಟ್ಟಂಬಾಂಗ್ ಸೇರಿಸಿ.

ಯಾವ ಊರಿಗೆ ಮೊದಲು ಹೋಗಬೇಕು?

ನೋಮ್ ಪೆನ್‌ಗೆ. ಇದನ್ನು ನಾನು ಹಟದಿಂದಲೇ ಹೇಳುತ್ತೇನೆ. ಮೊದಲ ಸಲ ನಾವು ಗುಡಿಗಳನ್ನೆಲ್ಲ ನೋಡಿ ಕೊನೆಗೆ ನೋಮ್ ಪೆನ್‌ಗೆ ಬಂದೆವು. ಆ ಭಯಂಕರ ಕಾಲದ ಟುವೊಲ್ ಸ್ಲೆಂಗ್ ಜೈಲು ನೋಡಿದ ರಾತ್ರಿಯೇ ವಿಮಾನ ಹತ್ತಿದೆವು, ಮನೆ ಸೇರುವ ತನಕ ಯಾರಿಗೂ ಮಾತಾಡಲು ಆಗಲಿಲ್ಲ. ಎರಡನೇ ಸಲ ತಿರುಗಿಸಿ ಮಾಡಿದೆ. ಆ ಜೈಲನ್ನು ನೋಡಿದ ಮೇಲೆ ಅಂಕೋರ್‌ಗೆ ಹೋದರೆ, ಅಲ್ಲಿ ಕಸ ಗುಡಿಸುವ ಅಜ್ಜಿ, ಬುದ್ಧನಿಗೆ ಊದುಬತ್ತಿ ಹಚ್ಚುವ ಮುದುಕ, ಕಲ್ಲು ಜೋಡಿಸುತ್ತಿರುವ ಹುಡುಗರು, ಎಲ್ಲರೂ ಬೇರೆ ಥರ ಕಾಣುತ್ತಾರೆ.

ಎರಡು ಊರಿನ ಮಧ್ಯೆ ಬಸ್ಸಿನಲ್ಲಿ ಸುಮಾರು ಆರು ಗಂಟೆ. ರಸ್ತೆ ಚೆನ್ನಾಗಿದೆ. ದಾರಿಯಲ್ಲಿ ಕಂಪೋಂಗ್ ಥೋಮ್ ಹತ್ತಿರ ಸಂಬೋರ್ ಪ್ರೇ ಕುಕ್ ಇದೆ. 7ನೇ ಶತಮಾನದ ರಾಜಧಾನಿ ಈಶಾನಪುರ ಅದು, ಅಂಕೋರ್‌ಗಿಂತ ಹಳೆಯದು. ಟ್ಯಾಕ್ಸಿ ಮಾಡಿಕೊಂಡರೆ ನಿಲ್ಲಿಸಿ ನೋಡಿ, ಜನ ಕಡಿಮೆ, ಮರಗಳ ನಡುವೆ ಇಟ್ಟಿಗೆಯ ಗುಡಿಗಳು.

ವೀಸಾ ಕಷ್ಟವಾ?

ಇಲ್ಲ. ಆನ್‌ಲೈನ್ ಇ-ವೀಸಾ ಇದೆ, ಇಳಿದ ಮೇಲೆ ಏರ್‌ಪೋರ್ಟ್‌ನಲ್ಲೂ ಕೊಡುತ್ತಾರೆ. ಟೂರಿಸ್ಟ್ ವೀಸಾಗೆ ಏರ್‌ಪೋರ್ಟ್‌ನಲ್ಲಿ 30 ಡಾಲರ್, 30 ದಿನ ಇರಬಹುದು. ಪಾಸ್‌ಪೋರ್ಟ್ ಆರು ತಿಂಗಳಾದರೂ ಚಾಲ್ತಿಯಲ್ಲಿರಬೇಕು. ವಿಮಾನದಲ್ಲಿ ಹೋಗುವವರು ಇ-ಅರೈವಲ್ ಫಾರ್ಮನ್ನೂ ಮೊದಲೇ ತುಂಬಬೇಕು, ಅದಕ್ಕೆ ದುಡ್ಡಿಲ್ಲ. ಗೂಗಲ್‌ನಲ್ಲಿ ಹುಡುಕಿದರೆ ಸರ್ಕಾರದ್ದೇ ಅನ್ನಿಸುವ ಖಾಸಗಿ ವೆಬ್‌ಸೈಟ್‌ಗಳು ಮೊದಲು ಬರುತ್ತವೆ. ಅಂಥ ಒಂದರಲ್ಲಿ ನನ್ನ ಅಣ್ಣ ಡಬಲ್ ದುಡ್ಡು ಕಟ್ಟಿದ. ವಿಳಾಸದ ಕೊನೆಯಲ್ಲಿ ಸರ್ಕಾರಿ ಗುರುತು ಇದೆಯಾ ನೋಡಿಯೇ ದುಡ್ಡು ಹಾಕಿ.

ಬೆಂಗಳೂರಿನಿಂದ ಹೋಗುವುದು ಹೇಗೆ?

ಬ್ಯಾಂಕಾಕ್, ಕೌಲಾಲಂಪುರ, ಸಿಂಗಾಪುರ ಇಲ್ಲವೇ ಹೋ ಚಿ ಮಿನ್ ನಗರದ ಮೇಲೆ ಹೋಗಬಹುದು. ಸಿಯೆಮ್ ರೀಪ್‌ಗೆ 2023ರಲ್ಲಿ ಹೊಸ ಏರ್‌ಪೋರ್ಟ್ ಬಂತು, ಊರಿಂದ 40 ಕಿ.ಮೀ.ಗೂ ಜಾಸ್ತಿ ದೂರ. ನೋಮ್ ಪೆನ್‌ನದ್ದೂ 2025ರ ಸೆಪ್ಟೆಂಬರ್‌ನಲ್ಲಿ ಊರಾಚೆಗೆ ಹೋಗಿದೆ. ಹಳೆಯ ಪುಸ್ತಕ ನೋಡಿಕೊಂಡು 'ಏರ್‌ಪೋರ್ಟ್‌ನಿಂದ ಹತ್ತು ನಿಮಿಷ' ಅಂತ ಲೆಕ್ಕ ಹಾಕಬೇಡಿ.

ಯಾವ ತಿಂಗಳು ಒಳ್ಳೆಯದು?

ನವೆಂಬರ್‌ನಿಂದ ಫೆಬ್ರವರಿ ತನಕ ಹವೆ ಹಿತವಾಗಿರುತ್ತದೆ, ಜನರೂ ಜಾಸ್ತಿ. ಏಪ್ರಿಲ್ ಬಿಸಿಲು ನಮ್ಮ ರಾಯಚೂರಿನ ಬಿಸಿಲಿನ ಜೊತೆಗೆ ಕರಾವಳಿಯ ಬೆವರು ಸೇರಿಸಿದ ಹಾಗೆ. ಆದರೆ ಏಪ್ರಿಲ್ ಮಧ್ಯದಲ್ಲಿ ಅವರ ಹೊಸ ವರ್ಷ. ಮೊದಲ ದಿನದ ಹೆಸರು ಮಹಾ ಸಂಕ್ರಾನ್, ನಮ್ಮ ತುಳುನಾಡಿನ ಬಿಸು ಪರ್ಬದ ಸಮಯಕ್ಕೇ ಬರುತ್ತದೆ.

ನನ್ನ ಮೆಚ್ಚಿನ ಕಾಲ ಮಳೆಗಾಲದ ಕೊನೆ. ಮಧ್ಯಾಹ್ನ ಒಂದೆರಡು ಗಂಟೆ ಜೋರು ಮಳೆ, ಆಮೇಲೆ ಬಿಸಿಲು. ಅಂಕೋರ್‌ನ ಕಂದಕಗಳು ತುಂಬಿರುತ್ತವೆ, ಕಲ್ಲಿನ ಮೇಲೆ ಪಾಚಿ ಹಸಿರಾಗಿರುತ್ತದೆ, ಟೊನ್ಲೆ ಸಾಪ್ ಸರೋವರ ಕಡಲಿನ ಹಾಗೆ ಹರಡಿಕೊಂಡಿರುತ್ತದೆ. ಈ ಸರೋವರದ ಸಂಗತಿ ವಿಚಿತ್ರ. ಮಳೆಗಾಲದಲ್ಲಿ ಮೆಕಾಂಗ್ ನದಿ ಎಷ್ಟು ಉಕ್ಕುತ್ತದೆ ಅಂದರೆ, ಸರೋವರದಿಂದ ಹೊರಗೆ ಹರಿಯಬೇಕಾದ ಹೊಳೆ ಹಿಂದಕ್ಕೆ ತಿರುಗಿ ಸರೋವರವನ್ನೇ ತುಂಬಿಸುತ್ತದೆ. ಮಳೆ ನಿಂತ ಮೇಲೆ ಮತ್ತೆ ದಿಕ್ಕು ಬದಲಿಸುತ್ತದೆ. ಆಗ ನೋಮ್ ಪೆನ್‌ನಲ್ಲಿ ದೋಣಿ ಓಟದ ಹಬ್ಬ.

ಥಾಯ್ಲೆಂಡ್ ಜೊತೆ ಗಲಾಟೆ ಆಯ್ತಲ್ಲ, ಈಗ ಹೋಗಬಹುದಾ?

2025ರ ಜುಲೈನಲ್ಲಿ ಐದು ದಿನ ಗಡಿಯಲ್ಲಿ ಕಾದಾಟ ನಡೆಯಿತು, ಡಿಸೆಂಬರ್‌ನಲ್ಲಿ ಮತ್ತೆ ಶುರುವಾಗಿ ತಿಂಗಳ ಕೊನೆಗೆ ನಿಂತಿತು. ಜಗಳದ ಮೂಲದಲ್ಲಿ ಗುಡಿಗಳೇ ಇವೆ. ಡಾಂಗ್ರೆಕ್ ಬೆಟ್ಟದ ಅಂಚಿನ ಪ್ರೇಹ್ ವಿಹೇರ್ ಶಿವನ ಗುಡಿ ಕಾಂಬೋಡಿಯಾದ್ದು ಅಂತ ಅಂತರರಾಷ್ಟ್ರೀಯ ನ್ಯಾಯಾಲಯ 1962ರಲ್ಲೇ ಹೇಳಿತ್ತು. 2008ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೂ ಅಲ್ಲಿ ಗುಂಡು ಹಾರಿತು. ಈಚಿನ ಕಾದಾಟದಲ್ಲಿ ಗುಡಿಗೆ ಹಾನಿಯಾಗಿದೆ ಎಂದು ಕಾಂಬೋಡಿಯಾ ಹೇಳಿದೆ.

ಹಾಗಾಗಿ ಗಡಿಯ ಗುಡಿಗಳನ್ನು ಸದ್ಯ ಬಿಟ್ಟುಬಿಡಿ. ಥಾಯ್ಲೆಂಡ್‌ನಿಂದ ಬಸ್ಸಿನಲ್ಲಿ ಗಡಿ ದಾಟುವ ಹಳೆಯ ಪ್ಲಾನ್ ಕೂಡ ಬೇಡ, 2025ರ ಜೂನ್‌ನಿಂದ ಆ ದಾರಿಗಳನ್ನು ಮುಚ್ಚಿದ್ದಾರೆ. ತೆರೆದಿದ್ದಾರಾ ಅಂತ ನೋಡಿಕೊಳ್ಳಿ, ಇಲ್ಲದಿದ್ದರೆ ವಿಮಾನವೇ ಗತಿ. ನೋಮ್ ಪೆನ್ ಆ ಗಡಿಯಿಂದ ತುಂಬಾ ದೂರ. ಹೊರಡುವ ವಾರ ನಮ್ಮ ವಿದೇಶಾಂಗ ಇಲಾಖೆಯ ಸೂಚನೆ ಓದಿ.

ನೆಲಬಾಂಬ್ ಇನ್ನೂ ಇವೆಯಾ?

ಇವೆ. 1979ರಿಂದ ಈಚೆಗೆ ನೆಲಬಾಂಬ್ ಮತ್ತು ಸಿಡಿಯದೆ ಉಳಿದ ಮದ್ದುಗುಂಡಿಗೆ ಸಿಕ್ಕು ಸುಮಾರು 20 ಸಾವಿರ ಜನ ಸತ್ತಿದ್ದಾರೆ. ಕೈಕಾಲು ಕಳೆದುಕೊಂಡವರು, ಗಾಯಗೊಂಡವರು ಅದರ ಎರಡು ಪಟ್ಟಿಗೂ ಜಾಸ್ತಿ. ಪ್ರವಾಸಿಗರು ಹೋಗುವ ಗುಡಿಗಳ ಸುತ್ತ ಪೂರ್ತಿ ತೆಗೆದಿದ್ದಾರೆ, ಹೆದರಬೇಡಿ. ಆದರೆ ಹಳ್ಳಿಗಾಡಿನಲ್ಲಿ, ಅದರಲ್ಲೂ ಉತ್ತರ ಮತ್ತು ಪಶ್ಚಿಮದ ಕಡೆ, ಕಾಲುದಾರಿ ಬಿಟ್ಟು ಪೊದೆಗೆ ಇಳಿಯಬೇಡಿ. ಮೂತ್ರಕ್ಕೆ ಅಂತಲೂ ಬೇಡ.

ಸಿಯೆಮ್ ರೀಪ್‌ನಲ್ಲಿ ಅಪೋಪೋ ಸಂಸ್ಥೆಯ ಕೇಂದ್ರ ಇದೆ. ಆಫ್ರಿಕಾದ ದೊಡ್ಡ ಹೆಗ್ಗಣಗಳಿಗೆ ಮದ್ದಿನ ವಾಸನೆ ಹಿಡಿಯಲು ಕಲಿಸಿ ನೆಲಬಾಂಬ್ ಹುಡುಕಿಸುತ್ತಾರೆ. ಪ್ರಾಣಿ ಹಗುರ, ತುಳಿದರೂ ಬಾಂಬ್ ಸಿಡಿಯುವುದಿಲ್ಲ. ಮಗಾವಾ ಎಂಬ ಹೆಗ್ಗಣಕ್ಕೆ 2020ರಲ್ಲಿ ಬ್ರಿಟನ್ನಿನ ಸಂಸ್ಥೆಯೊಂದು ಚಿನ್ನದ ಪದಕ ಕೊಟ್ಟಿತ್ತು, ಅದು 2022ರಲ್ಲಿ ತೀರಿಕೊಂಡಿತು. ಮಕ್ಕಳಿದ್ದರೆ ಖಂಡಿತ ಕರೆದುಕೊಂಡು ಹೋಗಿ. ಯುದ್ಧದ ಬಗ್ಗೆ ಮಕ್ಕಳಿಗೆ ತಿಳಿಸಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ದುಡ್ಡು ಡಾಲರಾ, ಅವರ ಕರೆನ್ಸಿಯಾ?

ಎರಡೂ ನಡೆಯುತ್ತದೆ. ಒಂದು ಡಾಲರ್‌ಗೆ ಸುಮಾರು 4,000 ರೀಲ್. ನೀವು ಡಾಲರ್ ಕೊಟ್ಟರೆ ಚಿಲ್ಲರೆ ರೀಲ್‌ನಲ್ಲಿ ಬರುತ್ತದೆ. ಸ್ವಲ್ಪ ಹರಿದ, ಮಸಿ ತಾಗಿದ ಡಾಲರ್ ನೋಟನ್ನು ಯಾರೂ ತೆಗೆದುಕೊಳ್ಳುವುದಿಲ್ಲ, ಇಲ್ಲಿಂದ ಒಯ್ಯುವಾಗಲೇ ಒಂದೊಂದು ನೋಟನ್ನೂ ಬೆಳಕಿಗೆ ಹಿಡಿದು ನೋಡಿ. ಎಟಿಎಂನಲ್ಲಿ ಪ್ರತಿ ಸಲ ಚಾರ್ಜ್ ಬೀಳುತ್ತದೆ, ಹತ್ತು ಸಲ ಸ್ವಲ್ಪ ಸ್ವಲ್ಪ ತೆಗೆಯಬೇಡಿ.

ಅಂಕೋರ್ ಪಾಸ್ (ಅಲ್ಲಿನ ಗುಡಿಗಳ ಟಿಕೆಟ್) ಯಾವುದು ತೆಗೆದುಕೊಳ್ಳಲಿ?

ಮೂರು ದಿನದ್ದು. ಒಂದು ದಿನಕ್ಕೆ 37 ಡಾಲರ್, ಮೂರು ದಿನಕ್ಕೆ 62, ಏಳು ದಿನಕ್ಕೆ 72. ಮೂರು ದಿನದ ಪಾಸನ್ನು ಹತ್ತು ದಿನದೊಳಗೆ ಯಾವ ಮೂರು ದಿನ ಬೇಕಾದರೂ ಬಳಸಬಹುದು, ನಡುವೆ ಒಂದು ದಿನ ಕಾಲಿಗೆ ವಿಶ್ರಾಂತಿ ಕೊಡಿ. 12 ವರ್ಷದ ಒಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ, ಪಾಸ್‌ಪೋರ್ಟ್ ತೋರಿಸಬೇಕು. ಪಾಸ್‌ನಲ್ಲಿ ನಿಮ್ಮ ಫೋಟೋ ಇರುತ್ತದೆ, ಇನ್ನೊಬ್ಬರಿಗೆ ಕೊಡಲು ಆಗದು. ಪ್ರತಿ ಟಿಕೆಟ್‌ನಿಂದ 2 ಡಾಲರ್ ಕಂಥಾ ಬೋಫಾ ಮಕ್ಕಳ ಆಸ್ಪತ್ರೆಗೆ ಹೋಗುತ್ತದೆ, ಅಲ್ಲಿ ಮಕ್ಕಳಿಗೆ ಚಿಕಿತ್ಸೆ ಉಚಿತ.

ಅಂಕೋರ್ ವಾಟ್‌ನಲ್ಲಿ ಏನನ್ನು ಬಿಡಬಾರದು?

ಗೋಡೆಗಳನ್ನು. ಎಲ್ಲರೂ ಸೂರ್ಯೋದಯಕ್ಕೆ ಕೆರೆ ದಂಡೆಯಲ್ಲಿ ಒತ್ತಾಗಿ ನಿಂತು, ಆಮೇಲೆ ನೇರ ಗೋಪುರ ಹತ್ತಿ ಹೊರಟುಬಿಡುತ್ತಾರೆ. ನಿಜವಾದ ಸಂಪತ್ತು ಇರುವುದು ಹೊರಸುತ್ತಿನ ಪ್ರಾಕಾರದ ಗೋಡೆಗಳಲ್ಲಿ. ಮತ್ತು ನಮ್ಮವರಿಗೆ ಅಲ್ಲಿ ಗೈಡ್ ಬೇಕೇ ಇಲ್ಲ, ಆ ಕಥೆಗಳೆಲ್ಲ ಅಜ್ಜಿ ಹೇಳಿದವೇ.

ಗುಡಿ ಪಶ್ಚಿಮಕ್ಕೆ ಮುಖ ಮಾಡಿದೆ. ಕಟ್ಟಿಸಿದವನು ಎರಡನೇ ಸೂರ್ಯವರ್ಮನ್, 1113ರಲ್ಲಿ ಪಟ್ಟಕ್ಕೆ ಬಂದವನು, ಗುಡಿ ವಿಷ್ಣುವಿನದು. ನಮ್ಮ ವಿಷ್ಣುವರ್ಧನ ಬೇಲೂರಿನಲ್ಲಿ ಚೆನ್ನಕೇಶವನನ್ನು ಪ್ರತಿಷ್ಠೆ ಮಾಡಿದ್ದು 1117ರಲ್ಲಿ. ಒಂದೇ ಕಾಲ, ಒಂದೇ ದೇವರು, ಕಡಲಿನ ಈಚೆ ಒಬ್ಬ, ಆಚೆ ಒಬ್ಬ. ಈ ಲೆಕ್ಕ ಹೇಳಿದಾಗ ಅಪ್ಪ ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟರು.

ಪಶ್ಚಿಮದ ಬಾಗಿಲಿನಿಂದ ಒಳಗೆ ಬಂದು ಬಲಕ್ಕೆ ತಿರುಗಿದರೆ ಕುರುಕ್ಷೇತ್ರ. ಎಡದಿಂದ ಕೌರವರು, ಬಲದಿಂದ ಪಾಂಡವರು, ನಡುವೆ ಕೈ ಕೈ ಮಿಲಾಯಿಸಿದ ಕಾಲಾಳುಗಳು. ಭೀಷ್ಮ ಬಾಣಗಳ ಮೇಲೆ ಮಲಗಿದ್ದಾನೆ, ಅರ್ಜುನನ ರಥದಲ್ಲಿ ನಾಲ್ಕು ಕೈಗಳ ಕೃಷ್ಣ. ಮುಂದೆ ದಕ್ಷಿಣದ ಗೋಡೆಯಲ್ಲಿ ರಾಜನ ಸೈನ್ಯ, ಆಮೇಲೆ ಸ್ವರ್ಗ-ನರಕ. ಕೋಣದ ಮೇಲೆ ಯಮ, ಪಕ್ಕದಲ್ಲಿ ಚಿತ್ರಗುಪ್ತ. ಹಾಗೇ ತಿರುಗಿ ಪೂರ್ವಕ್ಕೆ ಬಂದರೆ ಸಮುದ್ರ ಮಥನ, ಸುಮಾರು 49 ಮೀಟರ್ ಉದ್ದ. ಒಂದು ಕಡೆ 92 ಅಸುರರು, ಇನ್ನೊಂದು ಕಡೆ 88 ದೇವತೆಗಳು, ನಡುವೆ ವಿಷ್ಣು, ಕೆಳಗೆ ಕೂರ್ಮ. ಕೆಳಭಾಗಕ್ಕೆ ಬಗ್ಗಿ ನೋಡಿ: ಕಡಲಿನ ಮೀನು, ಮೊಸಳೆಗಳು ಕಡೆಗೋಲಿನ ಹತ್ತಿರ ಬರುತ್ತಾ ಬರುತ್ತಾ ಸುಳಿಗೆ ಸಿಕ್ಕು ತುಂಡಾಗಿವೆ. ದೂರದಲ್ಲಿರುವ ಮೀನು ಇಡಿಯಾಗಿದೆ, ಹತ್ತಿರದ್ದು ಅರ್ಧ. ಆ ಶಿಲ್ಪಿ ಸುಳಿಯ ರಭಸವನ್ನು ಮೀನಿನ ಮೈಯಲ್ಲಿ ತೋರಿಸಿದ್ದಾನೆ. ಅಲ್ಲಿ ನಾನು ಅರ್ಧ ಗಂಟೆ ನಿಂತಿದ್ದೆ.

ನೀವು ಗಮನಿಸಿರಬಹುದು, ಹೀಗೆ ಸುತ್ತಿದರೆ ಗರ್ಭಗುಡಿ ಎಡಕ್ಕೆ ಉಳಿಯುತ್ತದೆ. ಅಂದರೆ ಅಪ್ರದಕ್ಷಿಣೆ. ಕೆತ್ತನೆಯ ಕ್ರಮವೇ ಹಾಗಿದೆ. ಪಶ್ಚಿಮದ ಮುಖ, ಈ ತಿರುಗು ಸುತ್ತು ಎರಡನ್ನೂ ಸೇರಿಸಿ, ಇದು ರಾಜ ತನ್ನ ಸಾವಿನ ನಂತರಕ್ಕೂ ಕಟ್ಟಿಸಿಕೊಂಡ ಗುಡಿ ಎಂದು ತುಂಬಾ ವಿದ್ವಾಂಸರು ಹೇಳುತ್ತಾರೆ. ಅಮ್ಮ ಮಾತ್ರ ಒಪ್ಪದೆ ಇನ್ನೊಂದು ಸಲ ಬಲಗಡೆಯಿಂದ ಸುತ್ತಿ ಬಂದರು. ಅದರಿಂದ ನಾವು ಲಂಕೆಯ ಯುದ್ಧವನ್ನು ಎರಡು ಸಲ ನೋಡಿದೆವು: ಹತ್ತು ತಲೆಯ ರಾವಣ ರಥದಲ್ಲಿ, ರಾಮ ಹನುಮಂತನ ಹೆಗಲ ಮೇಲೆ.

ಪಶ್ಚಿಮದ ಹೆಬ್ಬಾಗಿಲಿನಲ್ಲಿ ಎಂಟು ಕೈಗಳಿರುವ ಎತ್ತರದ ವಿಗ್ರಹ ಇದೆ. ವಿಷ್ಣುವಿನದು, ಆದರೆ ಊರಿನವರಿಗೆ ಅದು ತಾ ರೀಚ್, ಕಾಯುವ ದೈವ. ಬೌದ್ಧರೇ ಬಂದು ಹೂ ಇಟ್ಟು ಕೈ ಮುಗಿಯುತ್ತಾರೆ. ಗುಡಿಯ ಕೆಲವು ಕಂಬ, ಗೋಡೆಗಳಲ್ಲಿ ಚಿಕ್ಕ ಚಿಕ್ಕ ಗುಳಿಗಳು ಕಾಣುತ್ತವೆ, ಅವು ಯುದ್ಧ ಕಾಲದ ಗುಂಡಿನ ಗುರುತು.

ಬೇರೆ ಯಾವ ಗುಡಿಗಳು?

ಬಾಯೋನ್, ತಾ ಪ್ರೋಮ್ ಎಲ್ಲರೂ ಹೇಳುತ್ತಾರೆ, ಎರಡೂ ರಾಜ ಏಳನೇ ಜಯವರ್ಮನ್ ಕಾಲದವು. ತಾ ಪ್ರೋಮ್ ಅವನು ತಾಯಿಯ ನೆನಪಿಗೆ 1186ರಲ್ಲಿ ಕಟ್ಟಿಸಿದ್ದು. ಬೇರುಗಳು ಗೋಡೆಗಳನ್ನು ತಬ್ಬಿಕೊಂಡಿರುವ ಗುಡಿ ಇದೇ, ಇಲ್ಲಿ ಕಲ್ಲು ಜೋಡಿಸುವ ಕೆಲಸದಲ್ಲಿ ನಮ್ಮ ಪುರಾತತ್ವ ಇಲಾಖೆಯೂ ಇದೆ. ಅಂಕೋರ್ ವಾಟ್‌ನಲ್ಲೂ ನಮ್ಮವರು 1986ರಿಂದ 1993ರ ತನಕ ಕೆಲಸ ಮಾಡಿದರು. ಅವರು ಕಲ್ಲು ತೊಳೆಯಲು ಬಳಸಿದ ರಾಸಾಯನಿಕದ ಬಗ್ಗೆ ಆಮೇಲೆ ಟೀಕೆ ಬಂತು, ಅದು ನಿಜ. ಆದರೆ ಅಂತರ್ಯುದ್ಧ ಇನ್ನೂ ಮುಗಿಯದ ಹೊತ್ತಿನಲ್ಲಿ ಅಲ್ಲಿ ಹೋಗಿ ನಿಂತವರು ಅವರು, ಅದನ್ನೂ ಮರೆಯಬಾರದು.

ನಾನು ಕೈ ಹಿಡಿದು ಕರೆದುಕೊಂಡು ಹೋಗುವುದಾದರೆ ಬಂಟೇ ಸ್ರೇ ಗುಡಿಗೆ. 967ರದ್ದು, ಗುಲಾಬಿ ಬಣ್ಣದ ಮರಳುಗಲ್ಲು, ಚಿಕ್ಕ ಗುಡಿ. ಕೈಲಾಸ ಅಲ್ಲಾಡಿಸುವ ರಾವಣ, ಹಿರಣ್ಯಕಶಿಪುವಿನ ಎದೆ ಬಗೆಯುವ ನರಸಿಂಹ, ವಾಲಿ-ಸುಗ್ರೀವರ ಕಾದಾಟ. ಹಳೇಬೀಡಿನ ಗೋಡೆ ನೋಡಿದವರಿಗೆ ರಾವಣ ಎದುರಾದ ಕೂಡಲೇ ಗುರುತು ಸಿಗುತ್ತದೆ. ಅಲ್ಲಿಂದ ಮುಂದೆ ಕ್ಬಾಲ್ ಸ್ಪಿಯೆನ್, ಕಾಡಿನಲ್ಲಿ ಒಂದೂವರೆ ಕಿ.ಮೀ. ಹತ್ತಬೇಕು. ಹೊಳೆಯ ತಳದ ಬಂಡೆಯಲ್ಲಿ ನೂರಾರು ಲಿಂಗಗಳು, ನೀರು ಅವುಗಳ ಮೇಲೇ ಹರಿಯುತ್ತದೆ. ಶಿರಸಿ ಹತ್ತಿರದ ಶಾಲ್ಮಲೆಯ ಸಹಸ್ರಲಿಂಗ ನೋಡಿದ್ದೀರಲ್ಲ, ಹಾಗೇ. ಬೇಸಿಗೆಯಲ್ಲಿ ನೀರು ಬತ್ತಿರುತ್ತದೆ.

ವಯಸ್ಸಾದವರಿಗೆ ಆಗುತ್ತದಾ?

ಆಗುತ್ತದೆ, ಆದರೆ ಅವಸರ ಮಾಡಬೇಡಿ. ಅಂಕೋರ್ ವಾಟ್‌ನ ಮೇಲಿನ ಅಂತಸ್ತಿಗೆ ಕಡಿದಾದ ಮೆಟ್ಟಿಲು, ಮಂಡಿ ನೋವಿದ್ದರೆ ಬೇಡ. ಕೆಳಗಿನ ಪ್ರಾಕಾರ ಸಮತಟ್ಟಾಗಿದೆ, ನೆರಳಿದೆ. ಬೆಳಗ್ಗೆ ಏಳರಿಂದ ಹನ್ನೊಂದು, ಮಧ್ಯಾಹ್ನ ರೂಮಿನಲ್ಲಿ ನಿದ್ದೆ, ಮತ್ತೆ ಮೂರೂವರೆಯಿಂದ. ಇಡೀ ದಿನಕ್ಕೆ ಒಂದೇ ಟುಕ್-ಟುಕ್ ಗೊತ್ತು ಮಾಡಿಕೊಳ್ಳಿ. ನಮ್ಮ ಆಟೋಗಿಂತ ಆರಾಮ, ಎದುರುಬದುರು ಸೀಟು.

ಆ ದೇಶದಲ್ಲಿ ನಿಜವಾಗಿ ಏನಾಯಿತು? ಚಿಕ್ಕದಾಗಿ ಹೇಳಿ.

ಪಕ್ಕದ ವಿಯೆಟ್ನಾಂ ಯುದ್ಧ ಇಲ್ಲಿಗೂ ಹರಡಿತು. ಗಡಿಯಲ್ಲಿ ವಿಯೆಟ್ನಾಂ ಕಮ್ಯುನಿಸ್ಟರ ನೆಲೆಗಳಿವೆ ಅಂತ ಅಮೆರಿಕ 1969ರಿಂದ 1973ರ ತನಕ ಹಳ್ಳಿಗಳ ಮೇಲೆ ಭಾರಿ ಬಾಂಬ್ ಹಾಕಿತು. 1970ರಲ್ಲಿ ಜನರಲ್ ಲೋನ್ ನೋಲ್, ದೇಶ ಆಳುತ್ತಿದ್ದ ಸಿಹಾನೂಕ್‌ರನ್ನು ಇಳಿಸಿ ಅಧಿಕಾರ ಹಿಡಿದ, ಅಂತರ್ಯುದ್ಧ ಜೋರಾಯಿತು. 1975ರ ಏಪ್ರಿಲ್ 17ರಂದು ಪೋಲ್ ಪಾಟ್‌ನ ಖ್ಮೇರ್ ರೂಜ್ ಎಂಬ ಕಮ್ಯುನಿಸ್ಟ್ ಪಡೆ ನೋಮ್ ಪೆನ್‌ಗೆ ನುಗ್ಗಿತು. ಕೆಲವೇ ದಿನಗಳಲ್ಲಿ ಇಡೀ ಊರನ್ನು ಖಾಲಿ ಮಾಡಿಸಿದರು, ಆಸ್ಪತ್ರೆಯಲ್ಲಿ ಮಲಗಿದ್ದವರನ್ನೂ ಬಿಡಲಿಲ್ಲ. ದುಡ್ಡು ರದ್ದು, ಶಾಲೆ ರದ್ದು, ಸಂತೆ ರದ್ದು, ಪೂಜೆ ರದ್ದು. ಎಲ್ಲರೂ ಗದ್ದೆಗೆ. ಓದಿದವರು ಅಂತ ಗೊತ್ತಾದರೆ ಜೀವಕ್ಕೆ ಅಪಾಯ. 1979ರ ಜನವರಿ 7ರಂದು ವಿಯೆಟ್ನಾಂ ಸೈನ್ಯ ಊರಿಗೆ ಬರುವಷ್ಟರಲ್ಲಿ ಹಸಿವು, ಕಾಯಿಲೆ, ದುಡಿತ, ಕೊಲೆ ಎಲ್ಲ ಸೇರಿ 15ರಿಂದ 20 ಲಕ್ಷ ಜನ ಸತ್ತಿದ್ದರು. ಆಗ ಇದ್ದದ್ದೇ ಸುಮಾರು 80 ಲಕ್ಷ ಜನ. ಅಲ್ಲಿಗೂ ಕಾಳಗ ನಿಲ್ಲಲಿಲ್ಲ, 1991ರ ಪ್ಯಾರಿಸ್ ಒಪ್ಪಂದ, 1993ರ ಚುನಾವಣೆ ಆದ ಮೇಲೂ ಕಾಡಿನಲ್ಲಿ ಮುಂದುವರಿಯಿತು. ಪೋಲ್ ಪಾಟ್ 1998ರಲ್ಲಿ ಸತ್ತ, ಅಂತರರಾಷ್ಟ್ರೀಯ ಕೋರ್ಟಿನ ಕಟಕಟೆಗೆ ಒಂದು ದಿನವೂ ಬರದೆ. ಉಳಿದ ನಾಯಕರಲ್ಲಿ ನುವೊನ್ ಚಿಯಾ, ಕಿಯು ಸಂಫಾನ್ ಇಬ್ಬರಿಗೆ ನರಮೇಧದ ಶಿಕ್ಷೆ ಆದದ್ದು 2018ರಲ್ಲಿ. ನಲವತ್ತು ವರ್ಷ ಆದ ಮೇಲೆ!

ಟುವೊಲ್ ಸ್ಲೆಂಗ್, ಚುಂಗ್ ಎಕ್ ನೋಡಲೇಬೇಕಾ? ಮಕ್ಕಳಿದ್ದರೆ?

ದೊಡ್ಡವರು ನೋಡಬೇಕು ಅಂತಲೇ ನನ್ನ ಅಭಿಪ್ರಾಯ. ಹದಿನಾಲ್ಕರ ಒಳಗಿನ ಮಕ್ಕಳು ಬೇಡ, ಒಬ್ಬರು ಮಕ್ಕಳ ಜೊತೆ ಹೊರಗೆ ಇರಲಿ, ಆಮೇಲೆ ಅದಲು ಬದಲು ಮಾಡಿಕೊಳ್ಳಿ. ಈ ಎರಡು ಜಾಗಗಳೂ 2025ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ಟುವೊಲ್ ಸ್ಲೆಂಗ್ ಮೊದಲು ಹೈಸ್ಕೂಲ್. ಅದು ನೋಡಿದ ಕೂಡಲೇ ಗೊತ್ತಾಗುತ್ತದೆ, ಅದೇ ಕಷ್ಟ. ಉದ್ದನೆಯ ಪಡಸಾಲೆ, ಸಾಲಾಗಿ ಕ್ಲಾಸ್‌ರೂಮ್, ಮುಂದೆ ಆಟದ ಬಯಲು, ದೇವಕಣಗಿಲೆ ಮರಗಳು. ನೆಲಕ್ಕೆ ಹಳದಿ-ಬಿಳಿ ಚೌಕದ ಹಾಸು, ನಮ್ಮ ಹಳೇ ಸರ್ಕಾರಿ ಕಟ್ಟಡಗಳಲ್ಲಿ ಇರುತ್ತಲ್ಲ, ಆ ಥರ. ಅದರ ಮೇಲೆ ತುಕ್ಕು ಹಿಡಿದ ಒಂದು ಕಬ್ಬಿಣದ ಮಂಚ, ಬೇರೇನೂ ಇಲ್ಲ. ಕ್ಲಾಸ್‌ರೂಮಿನ ಕಪ್ಪು ಹಲಗೆ ಇನ್ನೂ ಗೋಡೆಯಲ್ಲೇ ಇದೆ. ಒಂದು ಕಟ್ಟಡದ ಪಡಸಾಲೆಗೆ ಅಡ್ಡವಾಗಿ ಮುಳ್ಳುತಂತಿ ಕಟ್ಟಿದ್ದಾರೆ, ಕೈದಿಗಳು ಮೇಲಿಂದ ಹಾರಿ ಸಾಯಬಾರದು ಅಂತ. ಇಲ್ಲಿಗೆ ಬಂದವರು ಹದಿನಾಲ್ಕು ಸಾವಿರಕ್ಕೂ ಹೆಚ್ಚು, ಬದುಕಿದವರು ಬೆರಳೆಣಿಕೆ. ಬಂದ ದಿನವೇ ಪ್ರತಿಯೊಬ್ಬರ ಫೋಟೋ ತೆಗೆಯುತ್ತಿದ್ದರು. ಆ ಫೋಟೋಗಳು ಸಾಲುಸಾಲಾಗಿವೆ. ಮಗುವನ್ನು ಎತ್ತಿಕೊಂಡ ಒಬ್ಬಳು ಹೆಂಗಸು, ಅಂಗಿಗೆ ನಂಬರ್ ಪಿನ್ ಮಾಡಿಸಿಕೊಂಡ ಹುಡುಗರು.

ಅಲ್ಲಿಂದ ಸುಮಾರು 15 ಕಿ.ಮೀ. ದೂರದ ಚುಂಗ್ ಎಕ್‌ಗೆ ರಾತ್ರಿ ಲಾರಿಯಲ್ಲಿ ಒಯ್ದು ಕೊಲ್ಲುತ್ತಿದ್ದರು. ಮೊದಲು ಹಣ್ಣಿನ ತೋಟ ಅದು. ಈಗ ಗಾಜಿನ ಸ್ತೂಪ, ಒಳಗೆ ತಲೆಬುರುಡೆಗಳು. ನಾನು ಹೋದಾಗ ಹಿಂದಿನ ರಾತ್ರಿ ಮಳೆ ಬಂದಿತ್ತು. ದಾರಿಯ ಪಕ್ಕದ ಮಣ್ಣಿನಲ್ಲಿ ಒಂದು ಬಟ್ಟೆಯ ತುದಿ ಹೊರಗೆ ಬಂದಿತ್ತು, ಹೊಲಿಗೆಯ ಅಂಚು ಕಾಣುತ್ತಿತ್ತು. ಪ್ರತಿ ಮಳೆಗಾಲ ಹೀಗೆ ಬಟ್ಟೆ, ಮೂಳೆ ಮೇಲೆ ಬರುತ್ತವೆ, ಅಲ್ಲಿನವರು ಎತ್ತಿ ಜೋಪಾನ ಮಾಡುತ್ತಾರೆ. ನೋಡಿ ನಡೆಯಿರಿ, ಏನನ್ನೂ ಮುಟ್ಟಬೇಡಿ.

ಎರಡೂ ಕಡೆ ಆಡಿಯೋ ಗೈಡ್ ತೆಗೆದುಕೊಳ್ಳಿ. ಬದುಕಿ ಉಳಿದವರ ಮಾತುಗಳಿವೆ, ಜೊತೆಗೆ ಎಲ್ಲರ ಕಿವಿಯಲ್ಲೂ ಅದೇ ಇರುವುದರಿಂದ ಇಡೀ ಜಾಗ ಮೌನವಾಗಿರುತ್ತದೆ. ಸೆಲ್ಫಿ ಬೇಡ, ಜೋರು ಮಾತು ಬೇಡ. ಅವತ್ತು ಬೇರೆ ಯಾವ ಪ್ಲಾನೂ ಇಟ್ಟುಕೊಳ್ಳಬೇಡಿ. ಸಂಜೆ ನದಿ ದಂಡೆಯಲ್ಲಿ ಕುಳಿತುಕೊಳ್ಳಿ.

ಸಸ್ಯಾಹಾರಿಗಳಿಗೆ ಊಟ ಸಿಗುತ್ತದಾ?

ಸಿಗುತ್ತದೆ, ಎಚ್ಚರ ಬೇಕು. ಅಲ್ಲಿ ಮೀನಿನ ರಸ, ಪ್ರಹೋಕ್ ಅನ್ನುವ ಹುಳಿಸಿದ ಮೀನು ಎರಡೂ ನಮ್ಮ ಒಗ್ಗರಣೆ ಇದ್ದ ಹಾಗೆ, ಎಲ್ಲದರಲ್ಲೂ ಇರುತ್ತದೆ. 'ಮಾಂಸ ಬೇಡ' ಅಂದರೆ ಮೀನು ಬರುತ್ತದೆ. ಒಂದು ಹೋಟೆಲಲ್ಲಿ ಅಮ್ಮನ ತರಕಾರಿ ಸೂಪಿನ ತಳದಲ್ಲಿ ಒಣ ಸಿಗಡಿ ಸಿಕ್ಕಿತು, ಅವತ್ತಿಡೀ ಅವರು ಬಾಳೆಹಣ್ಣಿನಲ್ಲೇ ಕಳೆದರು. 'ನ್ಯಾಮ್ ಬುವಹ್' ಅನ್ನಿ. ಬೌದ್ಧ ವ್ರತದ ಊಟ ಅಂತ ಅರ್ಥ, ಎಲ್ಲರಿಗೂ ಗೊತ್ತಾಗುತ್ತದೆ. ಆಮೇಲೂ ಮೀನಿನ ರಸ ಬೇಡ ಅಂತ ಬೇರೆಯಾಗಿ ಹೇಳಿ. ಎರಡೂ ಊರಲ್ಲಿ ಇಂಡಿಯನ್ ಹೋಟೆಲುಗಳಿವೆ. ಚಟ್ನಿಪುಡಿ, ಅವಲಕ್ಕಿ ಬ್ಯಾಗಿನಲ್ಲಿರಲಿ.

ರಸ್ತೆ ಬದಿ ನಮ್ಮ ಪಡ್ಡಿನ ಹಂಚಿನಂಥದ್ದರಲ್ಲಿ ಅಕ್ಕಿಹಿಟ್ಟು, ತೆಂಗಿನ ಹಾಲು ಹಾಕಿ ನೊಮ್ ಕ್ರೋಕ್ ಮಾಡುತ್ತಾರೆ. ಬಿಸಿಬಿಸಿ ತಿನ್ನಿ, ಜೊತೆಗೆ ಕೊಡುವ ರಸ ಮಾತ್ರ ಕೇಳಿ ತೆಗೆದುಕೊಳ್ಳಿ. ಮೀನು ತಿನ್ನುವವರಾದರೆ ಬಾಳೆ ಎಲೆಯಲ್ಲಿ ಬೇಯಿಸಿದ ಅಮೋಕ್ ಬಿಡಬೇಡಿ. ವಾಪಸ್ ಬರುವಾಗ ಕಂಪೋತ್ ಮೆಣಸು ತನ್ನಿ, ಮಲೆನಾಡಿನವರೂ ಮೆಚ್ಚುತ್ತಾರೆ.

ಭಾಷೆ ಬಾರದಿದ್ದರೆ?

ಪ್ರವಾಸಿ ಜಾಗಗಳಲ್ಲಿ ಇಂಗ್ಲಿಷ್ ನಡೆಯುತ್ತದೆ. 'ಅಕೂನ್' ಅಂದರೆ ಥ್ಯಾಂಕ್ಸ್, ಕೈ ಮುಗಿದು ಹೇಳಿ. ಸಂಸ್ಕೃತದಿಂದ ಹೋದ ಮಾತುಗಳು ತುಂಬಾ ಇವೆ. ಗುರುವಿಗೆ ಕ್ರು, ಭಾಷೆಗೆ ಪಿಯೆಸಾ, ನಗರವೇ ನೊಕೋರ್ ಆಗಿ ಅಂಕೋರ್ ಆಗಿದೆ. ಇನ್ನೊಂದು ಖುಷಿಯ ವಿಷಯ: ನೂರು, ಸಾವಿರ ರೀಲ್ ನೋಟನ್ನು ಕೈಯಲ್ಲಿ ಹಿಡಿದು ಅವರ ಖ್ಮೇರ್ ಭಾಷೆಯ ಅಂಕಿ ನೋಡಿ. ಅವರ ಒಂದು, ಎರಡು, ಮೂರು, ಸೊನ್ನೆ ನಮ್ಮ ೧, ೨, ೩, ೦ ಇದ್ದ ಹಾಗೇ ಇವೆ. ನಾನು ಅಂಗಡಿಯವಳಿಗೆ ಕನ್ನಡ ಅಂಕಿ ಬರೆದು ತೋರಿಸಿದೆ, ಅವಳು ಪಕ್ಕದ ಅಂಗಡಿಯವರನ್ನೆಲ್ಲ ಕರೆದಳು. ಸೊನ್ನೆಯ ಅತಿ ಹಳೆಯ ಬರಹಗಳಲ್ಲಿ ಒಂದು ಸಿಕ್ಕಿರುವುದೂ ಇದೇ ದೇಶದಲ್ಲಿ, ಶಕವರ್ಷ 605 ಅಂತ ಕೆತ್ತಿದ ಶಾಸನದಲ್ಲಿ. ಅಂದರೆ ಕ್ರಿ.ಶ. 683. ನಮ್ಮ ಶಾಸನಗಳಲ್ಲಿ ಬರುವ ಅದೇ ಶಕವರ್ಷ.

ಬಟ್ಟೆಯ ನಿಯಮ ಇದೆಯಾ?

ಭುಜ, ಮಂಡಿ ಮುಚ್ಚಿರಬೇಕು, ಗಂಡಸರಿಗೂ. ಚೂಡಿದಾರ್, ಪಂಚೆ, ಪ್ಯಾಂಟ್ ಏನಾದರೂ ಆಗುತ್ತದೆ.

ಒಬ್ಬಳೇ ಹೆಂಗಸು ಹೋಗಬಹುದಾ?

ಹೋಗಬಹುದು, ನಾನೇ ಹೋಗಿದ್ದೆ. ನೋಮ್ ಪೆನ್‌ನಲ್ಲಿ ಬೈಕಿನಲ್ಲಿ ಬಂದು ಫೋನ್, ಬ್ಯಾಗ್ ಕಿತ್ತುಕೊಂಡು ಹೋಗುವವರಿದ್ದಾರೆ. ಟುಕ್-ಟುಕ್‌ನಲ್ಲಿ ಫೋನ್ ಹೊರಗೆ ಚಾಚಿ ಫೋಟೋ ತೆಗೆಯಬೇಡಿ, ಅಷ್ಟೇ.

ಮಕ್ಕಳು ಪೋಸ್ಟ್‌ಕಾರ್ಡ್ ಮಾರಲು ಬಂದರೆ?

ಮನಸ್ಸು ಕರಗುತ್ತದೆ, ಆದರೂ ಕೊಳ್ಳಬೇಡಿ. ದುಡ್ಡು ಬರುತ್ತಿರುವ ತನಕ ಆ ಮಗು ಶಾಲೆಗೆ ಹೋಗುವುದಿಲ್ಲ. ಅನಾಥಾಲಯ ತೋರಿಸುತ್ತೇವೆ ಅಂತ ಕರೆದರೂ ಹೋಗಬೇಡಿ, ಮಕ್ಕಳು ಪ್ರದರ್ಶನದ ವಸ್ತುಗಳಲ್ಲ. ಗುಡಿಗಳ ದಾರಿಯಲ್ಲಿ ನೆಲಬಾಂಬಿಗೆ ಕಾಲು ಕಳೆದುಕೊಂಡವರು ಸೇರಿ ವಾದ್ಯ ನುಡಿಸುತ್ತಾರೆ. ಅಲ್ಲಿ ಎರಡು ನಿಮಿಷ ನಿಂತು ಕೇಳಿ, ಕೈಲಾದದ್ದು ಹಾಕಿ.

ಕಾಂಬೋಡಿಯಾದಲ್ಲಿ ಒಳ್ಳೆ ಸಂಬಳದ ಡೇಟಾ ಎಂಟ್ರಿ ಕೆಲಸ ಅಂತ ಮೆಸೇಜ್ ಬಂದಿದೆ, ಟೂರಿಸ್ಟ್ ವೀಸಾದಲ್ಲಿ ಹೋಗಲಾ?

ಬೇಡ, ಬೇಡ, ಬೇಡ. ಇದು ಪ್ರವಾಸದ ಪ್ರಶ್ನೆ ಅಲ್ಲ, ಆದರೂ ಮೂರು ಜನ ಕೇಳಿದ್ದಾರೆ. ಅಲ್ಲಿ ಇಳಿದ ಮೇಲೆ ಪಾಸ್‌ಪೋರ್ಟ್ ಕಿತ್ತುಕೊಂಡು, ಕಾಂಪೌಂಡಿನ ಒಳಗೆ ಕೂಡಿ ಹಾಕಿ ಸೈಬರ್ ವಂಚನೆ ಮಾಡಿಸುತ್ತಾರೆ. ಇಂಥ ಕಡೆಯಿಂದ ಸುಮಾರು 250 ಭಾರತೀಯರನ್ನು ಬಿಡಿಸಿ ಕರೆತಂದಿದ್ದೇವೆ ಎಂದು ನಮ್ಮ ವಿದೇಶಾಂಗ ಇಲಾಖೆಯೇ 2024ರಲ್ಲಿ ಹೇಳಿತ್ತು. ಯಾರಾದರೂ ಸಿಕ್ಕಿಕೊಂಡಿದ್ದರೆ ನೋಮ್ ಪೆನ್‌ನ ನಮ್ಮ ರಾಯಭಾರ ಕಚೇರಿಗೆ ಕೂಡಲೇ ತಿಳಿಸಿ.

ಅಲ್ಲಿನ ಜನರ ಹತ್ತಿರ ಯುದ್ಧದ ಬಗ್ಗೆ ಕೇಳಬಹುದಾ?

ನೀವಾಗಿ ಕೇಳಬೇಡಿ. ಕೆಲವು ಮನೆಗಳಲ್ಲಿ ಸತ್ತವರಿದ್ದಾರೆ, ಕೆಲವು ಮನೆಗಳಲ್ಲಿ ಕೊಂದವರೂ ಇದ್ದಾರೆ, ಒಂದೇ ಊರಿನಲ್ಲಿ ಅಕ್ಕಪಕ್ಕ ಬದುಕುತ್ತಿದ್ದಾರೆ. ನಿಮ್ಮ ಜೊತೆ ಎರಡು ದಿನ ಓಡಾಡಿದವರು ತಾವಾಗಿ ಹೇಳಿದರೆ ಸುಮ್ಮನೆ ಕೇಳಿಸಿಕೊಳ್ಳಿ.

ನಾನು ಸೆಪ್ಟೆಂಬರ್ ಕೊನೆಗೆ ಹೋದಾಗ ಅಲ್ಲಿ ಪ್ಚುಮ್ ಬೆನ್ ನಡೆಯುತ್ತಿತ್ತು. ಹದಿನೈದು ದಿನ ಹಿರಿಯರಿಗೆ ಅನ್ನ ಕೊಡುವ ಹಬ್ಬ. ನಮ್ಮ ಪಿತೃಪಕ್ಷದ ಹೊತ್ತಿಗೇ ಬರುತ್ತದೆ, ಬೆನ್ ಅಂದರೆ ಪಿಂಡ. ನಮ್ಮ ಟುಕ್-ಟುಕ್‌ನವರು ಬೆಳಗಿನ ಜಾವ ನಾಲ್ಕಕ್ಕೆ ತಮ್ಮ ಹೆಂಡತಿ ಮಕ್ಕಳ ಜೊತೆ ನನ್ನನ್ನೂ ಒಂದು ವಿಹಾರಕ್ಕೆ ಕರೆದುಕೊಂಡು ಹೋದರು. ಕತ್ತಲಲ್ಲಿ ಎಲ್ಲರೂ ಅನ್ನ, ಎಳ್ಳು ಸೇರಿಸಿದ ಉಂಡೆಗಳನ್ನು ಎಸೆಯುತ್ತಾ ವಿಹಾರದ ಸುತ್ತ ನಡೆಯುತ್ತಿದ್ದರು. ನನ್ನ ಕೈಗೂ ಒಂದು ಉಂಡೆ ಕೊಟ್ಟರು, ಇನ್ನೂ ಬೆಚ್ಚಗಿತ್ತು. ಹಸಿದ ಹಿರಿಯರು ತಮ್ಮವರನ್ನು ಏಳು ವಿಹಾರಗಳಲ್ಲಿ ಹುಡುಕುತ್ತಾರೆ ಎಂಬುದು ಅವರ ನಂಬಿಕೆ, ಅದಕ್ಕೇ ಸಾಧ್ಯವಾದವರು ಏಳು ಕಡೆಗೂ ಹೋಗುತ್ತಾರೆ. ನೀವೂ ಹೋಗುತ್ತೀರಾ ಅಂತ ಕೇಳಿದೆ. ಅಜ್ಜನನ್ನು 1977ರಲ್ಲಿ ಗದ್ದೆಯಿಂದ ಕರೆದುಕೊಂಡು ಹೋದರು, ಎಲ್ಲಿಗೆ ಅಂತ ಇವತ್ತಿಗೂ ಗೊತ್ತಿಲ್ಲ, ಅದಕ್ಕೆ ಏಳಕ್ಕೂ ಹೋಗಲೇಬೇಕು ಅಂದರು. ಆಮೇಲೆ ಗಾಡಿ ಸ್ಟಾರ್ಟ್ ಮಾಡಿದರು, ಅವತ್ತಿನ ಎರಡನೇ ವಿಹಾರಕ್ಕೆ.